ದೃಷ್ಟಿ ಸಂಪರ್ಕ: ವೀಕ್ಷಣಾ ಹಾಳೆಯ ಒಂದು ಅಂಶ, ಒಬ್ಬ ಆಟಿಸ್ಟಿಕ್ ಪ್ರಶಿಕ್ಷಣಾರ್ಥಿಯ ಎರಡು ಪಾಠಗಳು

ಪೀಠಿಕೆ

ಬಿ.ಇಡಿ. ಎರಡನೆಯ ವರ್ಷದ ಬೋಧನಾ ಅಭ್ಯಾಸಕ್ಕೆ ನನಗೆ ಬಸವನ ಬಾಗೇವಾಡಿ ತಾಲ್ಲೂಕಿನ ಹೂವಿನ ಹಿಪ್ಪರಗಿಯ ಒಂದು ಪ್ರೌಢಶಾಲೆ ದೊರೆಯಿತು. ವಿಷಯ ವಿಜ್ಞಾನ, ತರಗತಿ ಎಂಟು, ಘಟಕ ‘ಬೆಳಕು’. ಅಲ್ಲಿ ನಾನು ಮಾಡಿದ ಪಾಠಗಳಲ್ಲಿ ಎರಡನ್ನು ಮಾತ್ರ ಇಲ್ಲಿ ವಿವರಿಸುತ್ತೇನೆ. ಒಂದರಲ್ಲಿ ನನಗೆ ಒಳ್ಳೆಯ ಅಂಕ ಬಂತು, ಪಾಠ ಕೆಟ್ಟಿತು. ಇನ್ನೊಂದರಲ್ಲಿ ಪಾಠ ಸಾಗಿತು, ಒಂದು ಅಂಶದಲ್ಲಿ ಅಂಕ ಹೋಯಿತು. ಆ ಅಂಶದ ಹೆಸರು ‘ದೃಷ್ಟಿ ಸಂಪರ್ಕ’.

ನಾನು ಆಟಿಸ್ಟಿಕ್ ವ್ಯಕ್ತಿ. ಕನ್ನಡದಲ್ಲಿ ಇದನ್ನು ಸ್ವಲೀನತೆ ಎಂದೂ ಬರೆಯುತ್ತಾರೆ. ಎದುರಿಗಿರುವವರ ಕಣ್ಣನ್ನು ನೋಡುತ್ತ ಮಾತಾಡುವುದು ನನಗೆ ಕಷ್ಟ. ಇದಕ್ಕೆ ಅಂಜಿಕೆ, ಸಂಕೋಚ ಅಥವಾ ತಯಾರಿಯ ಕೊರತೆ ಕಾರಣವಲ್ಲ. ಕಣ್ಣು ನೋಡಿದರೆ ಮಾತು ಕೇಳಿಸುವುದು ಕಡಿಮೆಯಾಗುತ್ತದೆ, ಮಾತು ಕೇಳಬೇಕಾದರೆ ಕಣ್ಣು ತೆಗೆಯಬೇಕಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ತರಗತಿಯಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂಬುದೇ ಈ ಲೇಖನದ ಪ್ರಶ್ನೆ.

ಗುಣವಂತಿಯಿಂದ ಕೊರತೆಯವರೆಗೆ

ನನಗೆ ಆಟಿಸಂ ಇದೆ ಎಂದು ತಿಳಿದದ್ದು ಪದವಿ ಮುಗಿದ ಮೇಲೆ. ಅಲ್ಲಿಯವರೆಗೆ ಯಾರಿಗೂ ಗೊತ್ತಾಗದಿರಲು ಒಂದು ಕಾರಣವಿದೆ. ನಮ್ಮ ಭಾಗದಲ್ಲಿ ಹೆಣ್ಣುಮಗಳು ನೆಲ ನೋಡಿ ಮಾತಾಡಿದರೆ ಅದು ಮೆಚ್ಚುಗೆಯ ವಿಷಯ. ಓಣಿಯ ಹಿರಿಯರು ನಮ್ಮ ಅವ್ವನಿಗೆ, ‘ನಿನ್ನ ಮಗಳು ಭಾಳ ಗುಣವಂತಿ ನೋಡವಾ, ತೆಲಿ ಎತ್ತಿ ನೋಡಂಗಿಲ್ಲ’ ಎನ್ನುತ್ತಿದ್ದರು. ನನ್ನ ಅಣ್ಣ ಅಪ್ಪನ ಮುಖ ನೋಡಿ ಉತ್ತರ ಕೊಟ್ಟಾಗ, ‘ಕಣ್ಣಾಗ ಕಣ್ಣಿಟ್ಟು ಮಾತಾಡ್ತಿಯೇನಲೇ?’ ಎಂದು ಬೈಸಿಕೊಂಡದ್ದೂ ನೆನಪಿದೆ.

ಬಿ.ಇಡಿ. ಸೇರಿದ ಮೊದಲ ತಿಂಗಳಲ್ಲೇ ಆ ಗುಣ ಕೊರತೆಯಾಯಿತು. ಸೂಕ್ಷ್ಮಬೋಧನೆಯ ಹಿಮ್ಮಾಹಿತಿಯಲ್ಲಿ ಪ್ರತಿ ಬಾರಿಯೂ ಒಂದೇ ವಾಕ್ಯ: ‘ದೃಷ್ಟಿ ಸಂಪರ್ಕ ಇಲ್ಲ, ಆತ್ಮವಿಶ್ವಾಸ ಬೆಳೆಸಿಕೊಳ್ಳಬೇಕು.’ ಬರೆದವರು ನನ್ನ ಹಿತಚಿಂತಕರೇ. ಆದರೆ ಆ ವಾಕ್ಯದಲ್ಲಿ ಎರಡು ಬೇರೆ ಸಂಗತಿಗಳು ಒಂದಾಗಿಬಿಟ್ಟಿದ್ದವು. ನನ್ನ ಕಣ್ಣು ಎಲ್ಲಿತ್ತು ಎಂಬುದು ವೀಕ್ಷಕರಿಗೆ ಕಂಡದ್ದು. ನನ್ನಲ್ಲಿ ಆತ್ಮವಿಶ್ವಾಸ ಇಲ್ಲ ಎಂಬುದು ಅವರು ಊಹಿಸಿದ್ದು.

ಈ ಅಂಶ ವೀಕ್ಷಣಾ ಹಾಳೆಗೆ ಬಂದ ಬಗೆ

ಸೂಕ್ಷ್ಮಬೋಧನೆ 1963ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರಿಂದ ರೂಪುಗೊಂಡಿತು. ಭಾರತದಲ್ಲಿ ಬಿ.ಕೆ. ಪಾಸಿ ಅವರ 1976ರ ಪುಸ್ತಕ ಬೋಧನಾ ಕೌಶಲಗಳ ಪಟ್ಟಿಯನ್ನು ನಮ್ಮ ಕಾಲೇಜುಗಳಿಗೆ ಪರಿಚಿತಗೊಳಿಸಿತು. ಬೋಧನೆ 6 ನಿಮಿಷ, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6, ಒಟ್ಟು 36 ನಿಮಿಷಗಳ ಚಕ್ರ ನಮಗೆಲ್ಲ ಬಾಯಿಪಾಠ.

ಪ್ರಚೋದನಾ ಬದಲಾವಣೆ ಕೌಶಲದ ಘಟಕಗಳನ್ನು ನೆನಪಿಸಿಕೊಳ್ಳಿ: ಚಲನೆ, ಹಾವಭಾವ, ಧ್ವನಿಯ ಏರಿಳಿತ, ಕೇಂದ್ರೀಕರಣ, ಅಂತರಕ್ರಿಯೆಯ ಶೈಲಿಯಲ್ಲಿ ಬದಲಾವಣೆ, ವಿರಾಮ, ಶ್ರವ್ಯ-ದೃಶ್ಯ ಬದಲಾವಣೆ. ಇವೆಲ್ಲದರ ಉದ್ದೇಶ ಒಂದೇ, ಮಕ್ಕಳ ಗಮನ ಪಾಠದ ಮೇಲೆ ನಿಲ್ಲುವಂತೆ ನೋಡಿಕೊಳ್ಳುವುದು. ಕಣ್ಣೋಟ ಹಾವಭಾವದ ಒಂದು ಭಾಗ ಮಾತ್ರ, ಉದ್ದೇಶವನ್ನು ಮುಟ್ಟುವ ಹಲವು ದಾರಿಗಳಲ್ಲಿ ಒಂದು. ನಮ್ಮ ವೀಕ್ಷಣಾ ಹಾಳೆಯಲ್ಲಿ ಮಾತ್ರ ಅದಕ್ಕೆ ಪ್ರತ್ಯೇಕ ಸಾಲು, ಪ್ರತ್ಯೇಕ 5 ಅಂಕ. ದಾರಿಗೇ ಅಂಕ ಕೊಟ್ಟಾಗ, ಮಗು ಊರು ಮುಟ್ಟಿತೋ ಇಲ್ಲವೋ ಎಂಬುದನ್ನು ನೋಡುವುದು ಮರೆತುಹೋಗುತ್ತದೆ.

ಮೊದಲ ಪಾಠ: 5ಕ್ಕೆ 4

ಈ ಬಾರಿ ಆ ಸಾಲಿನಲ್ಲಿ ಅಂಕ ಗಳಿಸಲೇಬೇಕೆಂದು ನಿರ್ಧರಿಸಿ ಹಿಪ್ಪರಗಿಯ ತರಗತಿಗೆ ಹೋದೆ. ಉತ್ತರಿಸುವ ಮಗುವಿನ ಕಣ್ಣನ್ನು ಉತ್ತರ ಮುಗಿಯುವವರೆಗೆ ಬಿಡಬಾರದು ಎಂದು ಪಾಠಯೋಜನೆಯ ಅಂಚಿನಲ್ಲೇ ಬರೆದುಕೊಂಡಿದ್ದೆ. ಹಾಗೆಯೇ ಮಾಡಿದೆ. ನನಗೆ 5ಕ್ಕೆ 4 ಬಂತು. ‘ಗಮನಾರ್ಹ ಸುಧಾರಣೆ’ ಎಂದು ಷರಾ ಬಂತು.

ಸಹಪಾಠಿಯೊಬ್ಬಳು ತನ್ನ ಮೊಬೈಲಿನಲ್ಲಿ ಪಾಠದ ಧ್ವನಿಮುದ್ರಣ ಮಾಡಿಕೊಂಡಿದ್ದಳು. ರಾತ್ರಿ ಕೋಣೆಯಲ್ಲಿ ಅದನ್ನು ಕೇಳಿದಾಗ ಈ ಭಾಗ ಸಿಕ್ಕಿತು:

ನಾನು: ‘ಕತ್ತಲೆ ಕೋಣೆಯಲ್ಲಿ ಎದುರಿಗಿರುವ ವಸ್ತು ನಮಗೆ ಏಕೆ ಕಾಣುವುದಿಲ್ಲ?’

ವಿದ್ಯಾರ್ಥಿನಿ: ‘ಕತ್ತಲದಾಗ ಕಣ್ಣಿನ ಬೆಳಕು ದೂರ ಹೋಗಂಗಿಲ್ರೀ ಟೀಚರ್, ಅದಕ್ಕ.’

ನಾನು: ‘ಒಳ್ಳೆಯ ಉತ್ತರ. ಕುಳಿತುಕೋ.’

ಉತ್ತರ ಪೂರ್ತಿ ತಪ್ಪು. ಕಣ್ಣಿನಿಂದ ಬೆಳಕು ಹೊರಗೆ ಹೋಗುವುದಿಲ್ಲ. ವಸ್ತುವಿನ ಮೇಲೆ ಬಿದ್ದು ಪ್ರತಿಫಲಿಸಿದ ಬೆಳಕು ಕಣ್ಣಿನೊಳಗೆ ಬರುತ್ತದೆ. ಇಡೀ ಘಟಕ ನಿಂತಿರುವುದೇ ಈ ಒಂದು ಮಾತಿನ ಮೇಲೆ. ಆ ಹುಡುಗಿಯ ಕಲ್ಪನೆ ದಡ್ಡತನದ್ದೂ ಅಲ್ಲ. ‘ಕಣ್ಣಿನ ಬೆಳಕು ಕಡಿಮಿ ಆಗ್ಯದ’ ಎಂದು ಮನೆಯ ಮುದುಕರು ಹೇಳುವುದನ್ನು ಅವಳು ದಿನವೂ ಕೇಳುತ್ತಾಳೆ. ಪ್ರಾಚೀನ ಗ್ರೀಸಿನ ಯೂಕ್ಲಿಡ್ ಕೂಡ ಕಣ್ಣಿನಿಂದ ಕಿರಣಗಳು ಹೊರಡುತ್ತವೆ ಎಂದೇ ನಂಬಿದ್ದ. ನಮ್ಮ ನ್ಯಾಯದರ್ಶನದಲ್ಲೂ ಕಣ್ಣಿನ ತೇಜಸ್ಸು ಹೊರಟು ವಸ್ತುವನ್ನು ಮುಟ್ಟುತ್ತದೆ ಎಂಬ ವಾದವಿದೆ. ಬೆಳಕು ಹೊರಗಿನಿಂದ ಕಣ್ಣಿಗೆ ಬರುತ್ತದೆ ಎಂದು 11ನೆಯ ಶತಮಾನದಲ್ಲಿ ಇಬ್ನ್ ಅಲ್-ಹೈಥಮ್ ವಿವರವಾಗಿ ವಾದಿಸಿದ. ಒಂದು ತಪ್ಪು ಉತ್ತರದಿಂದ ಎಷ್ಟು ಒಳ್ಳೆಯ ಚರ್ಚೆ ತೆಗೆಯಬಹುದಿತ್ತು! ನಾನು ಅದಕ್ಕೆ ‘ಒಳ್ಳೆಯ ಉತ್ತರ’ ಎಂದು ಮುದ್ರೆ ಒತ್ತಿ ಕೂರಿಸಿದ್ದೆ.

ನಾನು ಆ ಹುಡುಗಿಯ ಕಣ್ಣನ್ನು ಎಡೆಬಿಡದೆ ನೋಡುತ್ತಿದ್ದೆ. ಅವಳ ಮಾತು ಕಿವಿಗೆ ಬಿದ್ದಿರಬೇಕು, ತಲೆಗೆ ಹೋಗಿರಲಿಲ್ಲ. ವೀಕ್ಷಿಸಿದ ಮೂವರೂ ಇದನ್ನು ಗುರುತಿಸಿರಲಿಲ್ಲ, ಅವರ ಗಮನ ನನ್ನ ಕಣ್ಣಿನ ಮೇಲಿತ್ತು. ಮರುದಿನ ತರಗತಿಯಲ್ಲಿ, ‘ನಿನ್ನೆ ನಾನು ಸರಿಯಾಗಿ ಕೇಳಿಸಿಕೊಳ್ಳದೆ ಒಂದು ಉತ್ತರವನ್ನು ಒಪ್ಪಿಕೊಂಡೆ, ಅದು ನನ್ನ ತಪ್ಪು’ ಎಂದು ಹೇಳಿ, ಕಿಟಕಿ ಮುಚ್ಚಿ, ಟಾರ್ಚ್ ಹಚ್ಚಿ ಆರಿಸಿ ಆ ಪರಿಕಲ್ಪನೆಯನ್ನು ಮತ್ತೆ ಕಲಿಸಿದೆ.

ಕಣ್ಣೋಟ ಮತ್ತು ಗಮನ: ಸಂಶೋಧನೆ ಹೇಳುವುದು

ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರದೊಂದಿಗೆ ಆಟಿಸಂ ಕುರಿತು ಬರೆದ ಮೇಲೆ, ನೋಟದಲ್ಲಿನ ವ್ಯತ್ಯಾಸ ವೈದ್ಯರು ಗಮನಿಸುವ ಲಕ್ಷಣಗಳಲ್ಲಿ ಒಂದಾಗಿ ಉಳಿದಿದೆ. ಬಹಳ ಕಾಲ ಇದನ್ನು ಜನರ ಬಗೆಗಿನ ನಿರಾಸಕ್ತಿ ಎಂದು ತಿಳಿಯಲಾಗಿತ್ತು. 2017ರಲ್ಲಿ ನೌಶಿನ್ ಹಾಜಿಖಾನಿ ಮತ್ತು ಸಂಗಡಿಗರು ಪ್ರಕಟಿಸಿದ ಮೆದುಳಿನ ಚಿತ್ರಣದ ಅಧ್ಯಯನ ಬೇರೆಯದನ್ನು ತೋರಿಸಿತು. ಮುಖದಲ್ಲಿ ಕಣ್ಣಿನ ಭಾಗವನ್ನೇ ನೋಡುವಂತೆ ಮಾಡಿದಾಗ, ಆಟಿಸಂ ಇರುವವರಲ್ಲಿ ಮೆದುಳಿನ ಒಳಭಾಗದ ವ್ಯವಸ್ಥೆ ಅತಿಯಾಗಿ ಚುರುಕಾಯಿತು. ಹಾಗಾದರೆ ಕಣ್ಣು ತಪ್ಪಿಸುವುದು ನಿರ್ಲಕ್ಷ್ಯವಲ್ಲ, ಅತಿಯಾದ ಉದ್ರೇಕವನ್ನು ತಗ್ಗಿಸಿಕೊಳ್ಳುವ ದಾರಿ. ಎಲ್ಲ ಆಟಿಸ್ಟಿಕ್ ವ್ಯಕ್ತಿಗಳ ಅನುಭವವೂ ಒಂದೇ ಎಂದು ಇದರ ಅರ್ಥವಲ್ಲ. ಸಲೀಸಾಗಿ ನೋಡಬಲ್ಲವರೂ ಇದ್ದಾರೆ.

ಆಟಿಸಂ ಇಲ್ಲದವರ ಮಾತೇನು? ಕಷ್ಟದ ಪ್ರಶ್ನೆಗೆ ಉತ್ತರ ಯೋಚಿಸುವಾಗ ಜನ ಎದುರಿನವರ ಮುಖದಿಂದ ಕಣ್ಣು ತೆಗೆಯುತ್ತಾರೆ, ಹಾಗೆ ತೆಗೆಯುವುದು ಯೋಚನೆಗೆ ನೆರವಾಗುತ್ತದೆ ಎಂದು ಆರ್ಥರ್ ಗ್ಲೆನ್‌ಬರ್ಗ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಶಾಲಾ ಮಕ್ಕಳಲ್ಲೂ ಪ್ರಶ್ನೆ ಕಠಿಣವಾದಷ್ಟೂ ಕಣ್ಣು ಬೇರೆಡೆ ಹೋಗುವುದನ್ನು ಗ್ವಿನೆತ್ ಡೊಹರ್ಟಿ-ಸ್ನೆಡನ್ ಮತ್ತು ಫಿಯೋನಾ ಫೆಲ್ಪ್ಸ್ 2005ರಲ್ಲಿ ವರದಿ ಮಾಡಿದರು. ಮಗ್ಗಿ ಹೇಳುವ ಮಗು ಮಾಡು ನೋಡುವುದನ್ನು ನಾವೆಲ್ಲ ಕಂಡಿದ್ದೇವೆ. ಅಂಥ ಮಗುವಿಗೆ ‘ಇಲ್ಲಿ ನೋಡಿ ಹೇಳು’ ಎಂದರೆ ಮಗ್ಗಿ ತಪ್ಪುತ್ತದೆ. ನನ್ನ ಸ್ಥಿತಿಯೂ ಆ ಮಗುವಿನದೇ, ಆದರೆ ಇಡೀ ದಿನದ್ದು.

ಎರಡನೆಯ ಪಾಠ: ಟಾರ್ಚ್ ಮತ್ತು ಕೈಗನ್ನಡಿ

ಮುಂದಿನ ಪಾಠ ಕಣ್ಣಿನ ರಚನೆ. ಈ ಪಾಠಕ್ಕೆ ರೂಢಿಯ ಚಟುವಟಿಕೆ ಎಂದರೆ ಗೆಳೆಯನ ಕಣ್ಣನ್ನು ಹತ್ತಿರದಿಂದ ನೋಡಿ, ಟಾರ್ಚಿನ ಬೆಳಕು ಬಿಟ್ಟಾಗ ಪಾಪೆ ಹೇಗೆ ಕಿರಿದಾಗುತ್ತದೆ ಎಂದು ಗಮನಿಸುವುದು. ಲೇಸರ್ ಟಾರ್ಚ್ ಬಳಸಲೇಬಾರದು ಎಂಬ ಎಚ್ಚರಿಕೆಯನ್ನು ಎಲ್ಲರೂ ಹೇಳುತ್ತಾರೆ. ಇನ್ನೊಬ್ಬರ ಕಣ್ಣಲ್ಲಿ ಕಣ್ಣಿಟ್ಟು ನೋಡಲಾಗದ ಮಗು ಏನು ಮಾಡಬೇಕು ಎಂದು ಯಾರೂ ಹೇಳುವುದಿಲ್ಲ.

ಅಂಥ ಒಬ್ಬ ಹುಡುಗ ಕೊನೆಯ ಬೆಂಚಿನಲ್ಲಿದ್ದ. ಕರೆದರೆ ಕಿಟಕಿಯ ಸರಳು ನೋಡುತ್ತ ಎದ್ದು ನಿಲ್ಲುತ್ತಿದ್ದ. ‘ಸೊಕ್ಕಿನ ಹುಡುಗ’ ಎಂದು ಒಬ್ಬರು ನನಗೆ ಮುಂಚೆಯೇ ಹೇಳಿದ್ದರು. ಒಮ್ಮೆ ಸುಣ್ಣದ ಕಡ್ಡಿಯ ಪೆಟ್ಟಿಗೆ ಕಾಣೆಯಾದಾಗ, ಮುಖ ಕೊಟ್ಟು ಮಾತಾಡಲಿಲ್ಲ ಎಂಬ ಕಾರಣಕ್ಕೆ ‘ಕಳ್ಳನ ಮನಸ್ಸು ಹುಳ್ಳಗೆ’ ಎನ್ನಿಸಿಕೊಂಡಿದ್ದನಂತೆ. ಪೆಟ್ಟಿಗೆ ಆಮೇಲೆ ಕಪಾಟಿನ ಮೇಲೆ ಸಿಕ್ಕಿತಂತೆ. ಆ ಹುಡುಗನಿಗೆ ಆಟಿಸಂ ಇದೆ ಎಂದು ನಾನು ಹೇಳುತ್ತಿಲ್ಲ. ಹೇಳುವ ಅರ್ಹತೆಯೂ ನನಗಿಲ್ಲ. ನೋಟ ತಪ್ಪಿಸಲು ಮನೆಯ ಸಂಸ್ಕಾರ, ಅಂಜಿಕೆ, ದೃಷ್ಟಿದೋಷ, ಕಿವಿಯ ತೊಂದರೆ ಹೀಗೆ ಹತ್ತು ಕಾರಣ ಇರಬಹುದು. ಸೊಕ್ಕು, ಕಳ್ಳತನ ಎಂಬ ಎರಡೇ ಕಾರಣ ನಮಗೆ ಮೊದಲು ನೆನಪಾಗುವುದು ಏಕೆ ಎಂಬುದು ನಾವು ಶಿಕ್ಷಕರು ಕೇಳಿಕೊಳ್ಳಬೇಕಾದ ಪ್ರಶ್ನೆ.

ಪಾಠಯೋಜನೆಯಲ್ಲಿ ನಾನು ಮಾಡಿಕೊಂಡ ಬದಲಾವಣೆಗಳು ಇವು:

1. ಆರಂಭದಲ್ಲೇ ತರಗತಿಗೆ ಹೇಳಿದೆ: ‘ನೀವು ಮಾತಾಡುವಾಗ ನಾನು ನೆಲವನ್ನೋ ನಿಮ್ಮ ನೋಟ್‌ಬುಕ್ಕನ್ನೋ ನೋಡುತ್ತೇನೆ. ಹಾಗೆ ನೋಡಿದರೆ ನನಗೆ ಚೆನ್ನಾಗಿ ಕೇಳಿಸುತ್ತದೆ. ನಿಮಗೂ ಹಾಗೆ ಅನ್ನಿಸಿದರೆ ನೀವೂ ಹಾಗೆ ಮಾಡಬಹುದು.’ ಇದಕ್ಕೆ ಅರ್ಧ ನಿಮಿಷ ಸಾಕಾಯಿತು.

2. ನಾನು ವಿವರಿಸುವಾಗ ಮೂರು ಗುರುತುಗಳನ್ನು ಇಟ್ಟುಕೊಂಡೆ: ಎಡಗಡೆ ಕಿಟಕಿಯ ಚಿಲಕ, ಹಿಂದಿನ ಗೋಡೆಯ ನಕಾಶೆ, ಬಲಗಡೆ ಬಾಗಿಲ ಚೌಕಟ್ಟು. ಒಂದೊಂದು ವಾಕ್ಯಕ್ಕೆ ಒಂದೊಂದು ಗುರುತು. ಇದರಿಂದ ಮುಖ ಇಡೀ ತರಗತಿಯ ಕಡೆ ತಿರುಗುತ್ತದೆ, ಯಾವ ಸಾಲಿನ ಮಕ್ಕಳೂ ಹೊರಗುಳಿಯುವುದಿಲ್ಲ.

3. ಪ್ರಶ್ನೆ ಕೇಳಿದ ಮೇಲೆ ಮಗುವಿನ ಎದುರು ನಿಲ್ಲದೆ ಪಕ್ಕಕ್ಕೆ ಹೋಗಿ ನಿಂತೆ. ಇಬ್ಬರೂ ಒಂದೇ ಚಿತ್ರವನ್ನು ನೋಡುತ್ತ ಮಾತಾಡಿದೆವು.

4. ಅರ್ಥವಾಯಿತೋ ಇಲ್ಲವೋ ಎಂಬುದನ್ನು ಮುಖ ನೋಡಿ ಊಹಿಸಲಿಲ್ಲ. ಪ್ರತಿ ಹಂತದ ಕೊನೆಗೆ ಒಂದು ಪದದ ಉತ್ತರವನ್ನು ಹಾಳೆಯ ತುಂಡಿನಲ್ಲಿ ಬರೆದು ಎತ್ತಿ ಹಿಡಿಯಲು ಹೇಳಿದೆ. 42 ಉತ್ತರಗಳು ಒಮ್ಮೆಲೇ ಕಂಡವು.

5. ಉತ್ತರವನ್ನು ಒಪ್ಪುವ ಮೊದಲು ಅದನ್ನು ಮಗುವಿನ ಮಾತಿನಲ್ಲೇ ಮತ್ತೊಮ್ಮೆ ಹೇಳಿದೆ. ಮೊದಲ ಪಾಠದ ತಪ್ಪು ಮರುಕಳಿಸದಿರಲು ಇದು ನನಗೆ ಕಾವಲಾಯಿತು.

6. ಪಾಪೆಯ ಚಟುವಟಿಕೆಯನ್ನು ಎರಡು ರೀತಿಯಲ್ಲಿ ಇಟ್ಟೆ. ಬೇಕಾದವರು ಜೋಡಿಯಾಗಿ ಟಾರ್ಚ್ ಬಳಸಬಹುದು. ಬೇಡವಾದವರು ಸಂತೆಯಿಂದ ತಂದ ಕೈಗನ್ನಡಿಯಲ್ಲಿ ತಮ್ಮ ಕಣ್ಣನ್ನೇ ನೋಡಿಕೊಳ್ಳಬಹುದು. ಅರ್ಧ ನಿಮಿಷ ಅಂಗೈಯಿಂದ ಕಣ್ಣು ಮುಚ್ಚಿಕೊಂಡು, ಕಿಟಕಿಯ ಬೆಳಕಿನಲ್ಲಿ ತೆರೆದು ನೋಡಬೇಕು. ಸೂರ್ಯನ ಕಡೆ ಕನ್ನಡಿ ತಿರುಗಿಸಬಾರದು ಎಂದು ಮೂರು ಬಾರಿ ಹೇಳಿದೆ.

ಕೊನೆಯ ಬೆಂಚಿನ ಹುಡುಗ ಕನ್ನಡಿ ತೆಗೆದುಕೊಂಡ. ಅವನೊಬ್ಬನೇ ಅಲ್ಲ, ಇನ್ನೂ ಹನ್ನೊಂದು ಮಕ್ಕಳು ಕನ್ನಡಿಯನ್ನೇ ಆರಿಸಿಕೊಂಡರು. ಅವರಲ್ಲಿ ಹೆಚ್ಚಿನವರು ಹುಡುಗಿಯರು. ಉಳಿದವರು ನಗುತ್ತ ಟಾರ್ಚ್ ಹಚ್ಚುತ್ತಿದ್ದಾಗ ಅವನು ಕಿಟಕಿಯ ಬಳಿ ಬಹಳ ಹೊತ್ತು ನಿಂತಿದ್ದ. ನಾನು ಪಕ್ಕಕ್ಕೆ ಹೋಗಿ ನಿಂತಾಗ ಕನ್ನಡಿಯನ್ನೇ ನೋಡುತ್ತ ಹೇಳಿದ: ‘ಟೀಚರ್, ಈ ಕಣ್ಣ ಮುಚ್ಚಿದ್ರ ಆ ಕಣ್ಣಾಗಿನ ಕರಿ ಬೊಟ್ಟು ದೊಡ್ಡದಾಗತೈತ್ರಿ. ಮುಚ್ಚಿದ್ದು ಇದನ್ನ, ಅದ್ಯಾಕ ದೊಡ್ಡದಾಗತೈತಿ?’

ಇದು ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ನಾನು ಕನ್ನಡಿ ತೆಗೆದುಕೊಂಡು ನನ್ನ ಕಣ್ಣಿನಲ್ಲಿ ಪರೀಕ್ಷಿಸಿದೆ. ಅವನು ಹೇಳಿದ್ದು ನಿಜ. ‘ಇದಕ್ಕೆ ಉತ್ತರ ನಾಳೆ ತರುತ್ತೇನೆ’ ಎಂದೆ. ಅಂದು ರಾತ್ರಿ ಓದಿ ತಿಳಿದುಕೊಂಡೆ. ಎರಡೂ ಕಣ್ಣುಗಳಿಗೆ ಬೀಳುವ ಬೆಳಕಿನ ಮಾಹಿತಿ ಮೆದುಳಿನಲ್ಲಿ ಸೇರುತ್ತದೆ. ಅಲ್ಲಿಂದ ಆಜ್ಞೆ ಎರಡೂ ಪಾಪೆಗಳಿಗೆ ಒಟ್ಟಿಗೆ ಹೋಗುತ್ತದೆ. ಒಂದು ಕಣ್ಣನ್ನು ಮುಚ್ಚಿದರೆ ಒಟ್ಟು ಬೆಳಕು ಕಡಿಮೆಯಾಗಿ, ತೆರೆದ ಕಣ್ಣಿನ ಪಾಪೆಯೂ ಹಿಗ್ಗುತ್ತದೆ. ವೈದ್ಯರು ಒಂದು ಕಣ್ಣಿಗೆ ಬೆಳಕು ಬಿಟ್ಟು ಇನ್ನೊಂದನ್ನು ನೋಡುವುದು ಇದೇ ಕಾರಣಕ್ಕೆ. ಮರುದಿನ ಇಡೀ ತರಗತಿ ಅವನ ಪ್ರಯೋಗವನ್ನು ಮಾಡಿತು. ಕಪ್ಪುಹಲಗೆಯ ಮೇಲೆ ಅವನ ಪ್ರಶ್ನೆಯನ್ನು ಅವನ ಮಾತಿನಲ್ಲೇ ಬರೆದಿದ್ದೆ. ಓದಿ ಹೇಳಲು ಅವನು ಎದ್ದು ನಿಂತ. ಹಲಗೆಯ ಕಡೆ ನೋಡಿಯೇ ಓದಿದ.

ಆ ಪಾಠಕ್ಕೆ ದೃಷ್ಟಿ ಸಂಪರ್ಕದಲ್ಲಿ ನನಗೆ 5ಕ್ಕೆ 2 ಬಂತು. ಹಿಮ್ಮಾಹಿತಿಯ ವೇಳೆಗೆ ನಾನು ಎರಡೂ ಪಾಠಗಳ ಧ್ವನಿಮುದ್ರಣವನ್ನು ಮಾರ್ಗದರ್ಶಕರ ಮುಂದಿಟ್ಟೆ. ‘ಒಳ್ಳೆಯ ಉತ್ತರ, ಕುಳಿತುಕೋ’ ಎಂಬ ಭಾಗವನ್ನು ಅವರು ಎರಡು ಸಲ ಕೇಳಿದರು. ‘ಇದು ನನಗೂ ಗೊತ್ತಾಗಲಿಲ್ಲ ನೋಡವಾ’ ಎಂದರು. ಅಂಕ ಬದಲಾಗಲಿಲ್ಲ, ಹಾಳೆ ಆಗಲೇ ಸಹಿಯಾಗಿತ್ತು. ಆದರೆ ಈ ಅನುಭವವನ್ನು ಬರೆದುಕೊಡು ಎಂದವರು ಅವರೇ.

ಏನು ನೆರವಾಯಿತು, ಏನು ಆಗಲಿಲ್ಲ

ಹುಬ್ಬುಗಳ ನಡುವೆ ಅಥವಾ ಹಣೆ ನೋಡಿ ಎಂಬ ಸಲಹೆಯನ್ನು ಅನೇಕರು ಕೊಡುತ್ತಾರೆ. ಎಂಟು ಹತ್ತು ಅಡಿ ದೂರದಲ್ಲಿ ಇದು ನಡೆಯುತ್ತದೆ, ಮಕ್ಕಳಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹತ್ತಿರದಲ್ಲಿ ನಡೆಯುವುದಿಲ್ಲ. ಸಂದರ್ಶನದಂಥ ಅಲ್ಪ ಸಮಯಕ್ಕೆ ಇದು ಉಪಯುಕ್ತ. ಇಡೀ ದಿನ ಮಾಡಿದರೆ ಸಂಜೆಗೆ ಮಾತೇ ಹೊರಡದಷ್ಟು ದಣಿವಾಗುತ್ತದೆ. ಬಲವಂತವಾಗಿ ನೋಡುವ ಅಭ್ಯಾಸದಿಂದ ಸರಾಗವಾಗುತ್ತದೆ ಎಂದು ನನಗೆ ಹೇಳಿದ್ದರು. ನಾನು ಎರಡು ವರ್ಷ ಮಾಡಿ ನೋಡಿದ್ದೇನೆ. ನೋಡುವುದು ಬಂತು, ಸರಾಗವಾಗಲಿಲ್ಲ. ಎರಡು ಅವಧಿಗಳ ನಡುವೆ ಬೇವಿನ ಮರದ ಕೆಳಗೆ ಹತ್ತು ನಿಮಿಷ ಒಬ್ಬಳೇ ಕೂರುವುದು ಇವೆಲ್ಲಕ್ಕಿಂತ ಹೆಚ್ಚು ನೆರವಾಯಿತು.

ಕಣ್ಣೋಟಕ್ಕೆ ಬೆಲೆಯೇ ಇಲ್ಲ ಎಂಬುದು ನನ್ನ ವಾದವಲ್ಲ. ಅದು ಸಹಜವಾಗಿ ಬರುವ ಶಿಕ್ಷಕರಿಗೆ ಒಳ್ಳೆಯ ಸಾಧನ. ಹಿಂದಿನ ಬೆಂಚಿನ ಗದ್ದಲವನ್ನು ಒಂದು ನೋಟದಲ್ಲಿ ನಿಲ್ಲಿಸುವ ಶಿಕ್ಷಕರನ್ನು ಕಂಡು ನನಗೆ ಅಸೂಯೆಯೂ ಆಗಿದೆ. ಅದು ನನ್ನಿಂದಾಗದು. ನಾನು ಅಲ್ಲಿಯವರೆಗೆ ನಡೆದು ಹೋಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಈ ಮಿತಿಯನ್ನು ನಾನು ಒಪ್ಪುತ್ತೇನೆ.

ಮಾರ್ಗದರ್ಶಕರಲ್ಲಿ ಮೂರು ವಿನಂತಿಗಳು

ಮೊದಲನೆಯದು: ವೀಕ್ಷಣಾ ಹಾಳೆಯ ‘ದೃಷ್ಟಿ ಸಂಪರ್ಕ’ ಎಂಬ ಸಾಲನ್ನು ‘ಇಡೀ ತರಗತಿಯ ಪ್ರತಿಕ್ರಿಯೆಯನ್ನು ಗಮನಿಸಿ ಪಾಠವನ್ನು ಹೊಂದಿಸಿಕೊಳ್ಳುವುದು’ ಎಂದು ಬದಲಿಸಬಹುದು. ನೋಟದಿಂದ ಗಮನಿಸುವವರಿಗೂ ಹಾಳೆಯ ತುಂಡಿನಿಂದ ಗಮನಿಸುವವರಿಗೂ ಆಗ ಒಂದೇ ಅಳತೆಗೋಲು.

ಎರಡನೆಯದು: ಷರಾ ಬರೆಯುವಾಗ ಕಂಡದ್ದನ್ನು ಬರೆಯಿರಿ. ‘ಉತ್ತರ ಕೇಳುವಾಗ ನೆಲ ನೋಡಿದರು’ ಎಂಬುದು ವೀಕ್ಷಣೆ. ‘ಆತ್ಮವಿಶ್ವಾಸ ಇಲ್ಲ’ ಎಂಬುದು ತೀರ್ಪು. ತೀರ್ಪಿಗೆ ಮೊದಲು ಒಂದು ಪ್ರಶ್ನೆ ಕೇಳಿದರೆ ಸಾಕು.

ಮೂರನೆಯದು: 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಅದರ 16ನೆಯ ಪ್ರಕರಣ, ವ್ಯಕ್ತಿಯ ಅಗತ್ಯಕ್ಕೆ ತಕ್ಕ ಸಮಂಜಸ ಹೊಂದಾಣಿಕೆಯನ್ನು ಶಿಕ್ಷಣ ಸಂಸ್ಥೆಗಳು ಒದಗಿಸಬೇಕು ಎನ್ನುತ್ತದೆ. ಸಮನ್ವಯ ಶಿಕ್ಷಣದ ಪತ್ರಿಕೆಯಲ್ಲಿ ಇದನ್ನು ನಾವು ಮಕ್ಕಳ ಹಕ್ಕೆಂದು ಓದಿ ಪರೀಕ್ಷೆಯಲ್ಲಿ ಬರೆಯುತ್ತೇವೆ. ಪ್ರಶಿಕ್ಷಣಾರ್ಥಿಗಳ ಬೆಂಚಿನಲ್ಲೂ ಅಂಥವರು ಕುಳಿತಿರಬಹುದು. ತಮ್ಮ ಸ್ಥಿತಿಯನ್ನು ಹೇಳಿಕೊಳ್ಳುವುದು ಬಿಡುವುದು ಅವರಿಗೆ ಬಿಟ್ಟದ್ದು. ಹೇಳಿಕೊಂಡರೆ ಅಂಕ ಹೋಗದು ಎಂಬ ಭರವಸೆಯನ್ನು ಕೊಡುವುದು ಕಾಲೇಜಿಗೆ ಬಿಟ್ಟದ್ದು.

ಚರ್ಚೆಗೆ

1. ನಿಮ್ಮ ಕಾಲೇಜಿನ ವೀಕ್ಷಣಾ ಹಾಳೆಯ ಅಂಶಗಳಲ್ಲಿ ಕಲಿಕೆಯನ್ನು ಅಳೆಯುವವು ಎಷ್ಟು, ಶಿಕ್ಷಕರ ಹಾವಭಾವವನ್ನು ಅಳೆಯುವವು ಎಷ್ಟು? ಎಣಿಸಿ ನೋಡಿ.

2. ನಿಮ್ಮ ಮುಂದಿನ ಅಭ್ಯಾಸ ಪಾಠದ ಧ್ವನಿಮುದ್ರಣ ಮಾಡಿಕೊಳ್ಳಿ. ನೀವು ‘ಸರಿ’ ಎಂದು ಒಪ್ಪಿದ ಉತ್ತರಗಳಲ್ಲಿ ನಿಜವಾಗಿ ಸರಿಯಾದವು ಎಷ್ಟು?

3. ಮುಖ ನೋಡದೆ ಉತ್ತರಿಸುವ ಒಬ್ಬ ವಿದ್ಯಾರ್ಥಿಯನ್ನು ಒಂದು ವಾರ ಗಮನಿಸಿ. ಅವನು ಎಲ್ಲಿ ನೋಡುತ್ತಾನೆ, ಯಾವಾಗ ನೋಡುತ್ತಾನೆ, ಆಗ ಏನು ಹೇಳುತ್ತಾನೆ ಎಂದು ಮೂರು ಕಾಲಂಗಳಲ್ಲಿ ಬರೆದುಕೊಳ್ಳಿ. ನಾಲ್ಕನೆಯ ಕಾಲಂ, ಅಂದರೆ ‘ಏಕೆ’ ಎಂಬುದನ್ನು, ಅವನನ್ನೇ ಕೇಳಿ ತುಂಬಿ.